ಮೆಷಿನ್ ಇಲ್ಲದೆ ಬಂದ ಈಬರ್

"ಕೈಯಲ್ಲಿ ಈಬರ್ ಬರುವುದಿಲ್ಲ ಮಾರಾಯ್ರೆ, ಸುಮ್ನೆ ದುಡ್ಡು ಹಾಳು." ನಮ್ಮ ಮಂಗಳೂರಿನ ಲ್ಯಾಬಿನ ಹಿರಿಯ ಡಾಕ್ಟ್ರು ಹೀಗೆ ಹೇಳಿ 2 ವರ್ಷ ಆಯಿತು. ಈಬರ್ ಅಂದರೆ ಎಪ್‌ಸ್ಟೀನ್-ಬಾರ್ ವೈರಸ್ಸಿನ ಆರ್‌ಎನ್‌ಎ; ಅದು ಸೆಲ್ಲಿನೊಳಗೆ ಇದೆಯಾ ಅಂತ ಬಣ್ಣ ಬರಿಸಿ ನೋಡುವ ಟೆಸ್ಟಿಗೂ ಅದೇ ಹೆಸರು. ಈಗ ಲಿಂಫೋಮಾ ಅನ್ನುವ ಕ್ಯಾನ್ಸರಿನ ಬ್ಲಾಕ್ (ಮೇಣದಲ್ಲಿ ಹುದುಗಿಸಿದ ತುಂಡು) ಬಂದರೆ ಅವರೇ ನನ್ನ ಟೇಬಲ್ಲಿಗೆ ಬರುತ್ತಾರೆ.

ಮೊದಲು ಹೊರಗೆ ಕಳಿಸುತ್ತಿದ್ದೆವು. ಒಂದಕ್ಕೆ 3,500ರ ಹತ್ತಿರ, ರಿಪೋರ್ಟಿಗೆ ಒಂದು ವಾರ. ತಿಂಗಳಿಗೆ ನಾಲ್ಕೈದು ಕೇಸು. ಅಷ್ಟಕ್ಕೆ ಮೆಷಿನ್ ಯಾರು ತರುತ್ತಾರೆ? ಕಿಟ್ ತಂದರೆ ಅರ್ಧ ಬಳಸುವಷ್ಟರಲ್ಲಿ ಡೇಟ್ ಮುಗಿದಿರುತ್ತದೆ. ಹಾಗಾಗಿ ಆರ್‌ಎನ್‌ಎಗೆ ಹೋಗಿ ಅಂಟುವ ಪ್ರೋಬ್ ಮಾತ್ರ ಆರ್ಡರ್ ಮಾಡಿದೆ. ಈಬರ್‌ಗೆ ಒಂದು, ಎಲ್ಲ ಸೆಲ್ಲಿನಲ್ಲೂ ಇರುವ ಯು6 ಆರ್‌ಎನ್‌ಎಗೆ ಒಂದು. ಎಲ್ಲ ಸೇರಿ 18 ಸಾವಿರ ಚಿಲ್ಲರೆ ಇರಬೇಕು.

ಮೊದಲ 3 ತಿಂಗಳು ಬರೀ ನಷ್ಟ. ಶುರು ಮಾಡಿದ್ದೇ ಜುಲೈಯಲ್ಲಿ! ಹೊರಗೆ ಧೋ ಮಳೆ. ಸ್ಲೈಡ್ ಒಣಗಿದ ಹಾಗೆ ಕಾಣುತ್ತಿತ್ತು, ಪ್ರೋಬ್ ಒಳಗೆ ಹೋಗಲಿಕ್ಕೆ ಪ್ರೋಟೀನ್ ಕರಗಿಸುವ ಪ್ರೋಟೀನೇಸ್ ಕೆ ಹಾಕಿದ ಕೂಡಲೇ ಸೆಕ್ಷನ್ (ತುಂಡಿನ ತೆಳು ಪದರ) ಎದ್ದು ತೇಲುತ್ತಿತ್ತು. 60 ಡಿಗ್ರಿಯಲ್ಲಿ ಇಡೀ ರಾತ್ರಿ ಇಟ್ಟ ಮೇಲೆ ನಿಂತಿತು. ನಡುವೆ ಕರೆಂಟ್ ಹೋದರೆ ಪುನಃ ಮೊದಲಿಂದ.

ಆಮೇಲೆ ಪ್ರೋಟೀನೇಸಿನ ಆಟ. 5 ನಿಮಿಷಕ್ಕೆ ಬಣ್ಣವೇ ಇಲ್ಲ. 30 ನಿಮಿಷಕ್ಕೆ ನ್ಯೂಕ್ಲಿಯಸ್ಸೇ ಇಲ್ಲ, ನೀರುದೋಸೆಯ ಹಾಗೆ ತೂತು ತೂತು. ಶನಿವಾರ ಫಾರ್ಮಲಿನ್‌ಗೆ ಬಿದ್ದು ಸೋಮವಾರ ಕೈಗೆ ಬಂದ ತುಂಡಿಗೆ ಜಾಸ್ತಿ ಹೊತ್ತು ಬೇಕು ಅಂತ ತಿಳಿಯಲಿಕ್ಕೇ ಎಷ್ಟೋ ಸ್ಲೈಡ್ ಹೋದವು. ಈಗ ಪ್ರತಿ ಬ್ಲಾಕಿಗೂ 3 ಟೈಮ್ ಇಟ್ಟು ನೋಡುತ್ತೇನೆ. ಯು6 ಎಲ್ಲಿ ಚೆನ್ನಾಗಿ ಬರುತ್ತದೋ ಅದೇ ಟೈಮ್ ಈಬರ್‌ಗೆ. ಪ್ರೋಟೀನೇಸ್ ಎಷ್ಟು ತೆಳು ಮಾಡುತ್ತೇನೆ ಅಂತ ಮಾತ್ರ ಕೇಳಬೇಡಿ, ಅದಕ್ಕೆ ನನ್ನ 6 ಭಾನುವಾರ ಹೋಗಿದೆ.

ಯು6 ಇಲ್ಲದೆ ನೆಗೆಟಿವ್ ಅಂತ ಬರೆಯಲೇಬಾರದು. ಆಸಿಡ್‌ನಲ್ಲಿ ಡೀಕ್ಯಾಲ್ಸಿಫೈ ಮಾಡಿದ, ಅಂದರೆ ಮೂಳೆಯ ಸುಣ್ಣ ಕರಗಿಸಿದ ಒಂದು ಬೋನ್ ಮ್ಯಾರೋ ಬಂದಿತ್ತು. ಈಬರ್ ಖಾಲಿ, ಯು6 ಕೂಡ ಖಾಲಿ. ಆರ್‌ಎನ್‌ಎ ಹೋಗಿದೆ, ಅಷ್ಟೇ. ಆಮೇಲೆ ಸುಣ್ಣವನ್ನು ಮೆಲ್ಲಗೆ ಎಳೆದು ತೆಗೆಯುವ ಇಡಿಟಿಎಗೆ ಬದಲಾಯಿಸಿದೆವು. ನಿಧಾನ, ಆದರೆ ಸಿಗ್ನಲ್ ಉಳಿಯುತ್ತದೆ.

ಕಂಟ್ರೋಲಿಗೆ ಮಣಿಪಾಲದ ಗೆಳೆಯರೊಬ್ಬರು ಈ ವೈರಸ್ ಇರುವ ರಾಜಿ ಸೆಲ್ಸ್ ಕೊಟ್ಟರು. ರಾಜಿ ಅಂದರೆ ನಮ್ಮೂರ ಹುಡುಗಿ ಅಲ್ಲ, 1963ರಲ್ಲಿ ನೈಜೀರಿಯಾದ ಹುಡುಗನೊಬ್ಬನ ಬರ್ಕಿಟ್ ಲಿಂಫೋಮಾದಿಂದ ಬೆಳೆಸಿದ್ದು. ಪಕ್ಕದಲ್ಲಿ ವೈರಸ್ ಇಲ್ಲದ ಬಿಜಾಬ್ ಸೆಲ್ಸ್. ಎರಡನ್ನೂ ಅಗಾರ್‌ನಲ್ಲಿ ಗಟ್ಟಿ ಮಾಡಿ ಒಂದೇ ಬ್ಲಾಕಿಗೆ ಹಾಕಿದೆ. ಒಂದು ಬದಿ ಕಡುನೀಲಿ ನ್ಯೂಕ್ಲಿಯಸ್, ಇನ್ನೊಂದು ಬದಿ ಸ್ವಚ್ಛ. ಆ ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ಆಲ್ಕೋಹಾಲಿನಲ್ಲಿ ಜಾಸ್ತಿ ಹೊತ್ತು ಬಿಟ್ಟು ಅರ್ಧ ಬಣ್ಣ ನಾನೇ ತೊಳೆದುಬಿಟ್ಟೆ, ಅದು ಬೇರೆ ಕಥೆ.

ಸುಮ್ನೆ ಕುತೂಹಲಕ್ಕೆ ಸುಮಾರು 12 ವರ್ಷ ಹಳೆಯ ಮೂಗಿನ ಎನ್‌ಕೆ-ಟಿ ಲಿಂಫೋಮಾ ಬ್ಲಾಕ್ ಕತ್ತರಿಸಿದೆ. ಅದೇ ವೈರಸ್ಸಿನ ಪ್ರೋಟೀನ್ ಹುಡುಕುವ ಎಲ್‌ಎಂಪಿ-1 ಟೆಸ್ಟ್ ಏನೂ ತೋರಿಸಲಿಲ್ಲ, ಈಬರ್ ಮಾತ್ರ ಕಣ್ಣಿಗೆ ಹೊಡೆಯುವಷ್ಟು. ಸುಮಾರು 170 ಬೇಸಿನ ಪುಟ್ಟ ಆರ್‌ಎನ್‌ಎ, ಮೈತುಂಬ ಪ್ರೋಟೀನ್ ಸುತ್ತಿಕೊಂಡಿರುತ್ತದೆ, ಒಂದೊಂದು ಸೆಲ್ಲಿನಲ್ಲೂ ಲಕ್ಷಗಟ್ಟಲೆ. ಉಳಿಯದೆ ಏನು?

ಈಗ ಒಂದು ಕೇಸಿಗೆ 600 ರೂಪಾಯಿ ಒಳಗೇ ಆಗುತ್ತದೆ. ಮೊನ್ನೆ ಆ ಡಾಕ್ಟ್ರು ಬೆಂಗಳೂರಿನ ಸ್ನೇಹಿತರಿಗೆ ಬೇಕು ಅಂತ ಪ್ರೋಬಿನ ಸೀಕ್ವೆನ್ಸ್ ಕೇಳಿದರು. ಕೊಟ್ಟೆ. ಪ್ರೋಟೀನೇಸಿನ ಲೆಕ್ಕ ಕೇಳಲಿಲ್ಲ, ನಾನೂ ಹೇಳಲಿಲ್ಲ.