ಅಳಿಸಿ ಹಾಕಿದ್ದ ವಿಡಿಯೊ

‘ಇದರಲ್ಲಿ ಎಲ್ಲ ಇದೆ ತಂಗಿ, ನೀನೇ ನೋಡು’ ಎಂದು ಆ ತಾಯಿ ಮೊಬೈಲನ್ನು ನನ್ನ ಮೇಜಿನ ಮೇಲಿಟ್ಟರು. ಪೊಲೀಸರ ಗುಂಡಿಗೆ ಸತ್ತವನು ಅವರ ತಮ್ಮ. ಮಣ್ಣು ಮಾಡಿ ಇಪ್ಪತ್ತೊಂದು ದಿನಗಳಾಗಿದ್ದವು. ವಿಡಿಯೊ ಎಷ್ಟೋ ಕೈ ದಾಟಿ ಬಂದಿತ್ತು. ಮೇಲೆ ಹಲವು ಬಾರಿ ಫಾರ್ವರ್ಡ್ ಆಗಿದೆ ಎಂಬ ಜೋಡಿ ಬಾಣದ ಗುರುತಿತ್ತು. ನಲವತ್ತೇಳು ಸೆಕೆಂಡು. ನಾನು ಮೂರು ಬಾರಿ ನೋಡಿದೆ, ಆಮೇಲೆ ಕೇಳಿದೆ: ‘ಅಕ್ಕಾ, ಇದನ್ನು ತೆಗೆದವರು ಯಾರು?’ ಅವರಿಗೆ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ.

ಕಲಬುರಗಿಯಲ್ಲಿ ಹದಿನಾರು ವರ್ಷಗಳಿಂದ ವಕೀಲಿ ಮಾಡುತ್ತಿದ್ದೇನೆ. ಫಾರ್ವರ್ಡ್ ಆದ ವಿಡಿಯೊ ಹಿಡಿದುಕೊಂಡು ‘ಸಾಕ್ಷಿ ಇದೆ ಮೇಡಂ’ ಎಂದು ಬರುವವರ ಸಂಖ್ಯೆ ಈಚೆಗೆ ಹೆಚ್ಚಾಗಿದೆ. ಅವರ ಕೈಯಲ್ಲಿರುವುದು ಸಾಕ್ಷ್ಯವಲ್ಲ, ಸಾಕ್ಷಿಯೊಬ್ಬ ಎಲ್ಲೋ ಇದ್ದಾನೆ ಎಂಬ ಸುಳಿವು ಮಾತ್ರ. ಆ ಮನುಷ್ಯನನ್ನು ಹುಡುಕಿ ಕಾಪಾಡದಿದ್ದರೆ ವಿಡಿಯೊ ಕೋರ್ಟಿನಲ್ಲಿ ಅನಾಥವಾಗುತ್ತದೆ. ಈ ಪ್ರಕರಣದಲ್ಲಿ ನಾನು ಮಾಡಿದ್ದನ್ನು, ತಪ್ಪಿದ್ದನ್ನೂ ಸೇರಿಸಿ, ಬರೆಯುತ್ತಿದ್ದೇನೆ. ವಿಷಯ ಇನ್ನೂ ನ್ಯಾಯಾಲಯದಲ್ಲಿದೆ. ಹಾಗಾಗಿ ತಾಲ್ಲೂಕು, ಠಾಣೆ, ಹೆಸರು ಯಾವುದನ್ನೂ ಹೇಳುವುದಿಲ್ಲ.

ಹೊಸ ಅಪರಾಧ ಕಾನೂನುಗಳು 2024ರ ಜುಲೈ 1ರಂದು ಜಾರಿಯಾದ ಮೇಲಿನ ಮೊದಲ ಚಳಿಗಾಲ ಅದು. ಹೆದ್ದಾರಿ ಸುಲಿಗೆಯ ಆರೋಪಿಯೊಬ್ಬನನ್ನು, ಬಚ್ಚಿಟ್ಟ ಮಚ್ಚು ತೋರಿಸುತ್ತೇನೆಂದನೆಂದು, ಬೆಳಗಿನ ಜಾವ ಭೀಮಾ ದಂಡೆಯ ಕಬ್ಬಿನ ಹೊಲಗಳ ಕಡೆಗೆ ಕರೆದೊಯ್ದಿದ್ದರು. ಪೊಲೀಸರ ದೂರಿನಲ್ಲಿದ್ದ ಕಥೆ ಇಷ್ಟು: ಅವನು ಮಚ್ಚು ಎತ್ತಿ ಕಾನ್‌ಸ್ಟೆಬಲ್ ಒಬ್ಬರ ತೋಳಿಗೆ ಹೊಡೆದ, ಅಧಿಕಾರಿ ಗಾಳಿಯಲ್ಲಿ ಒಂದು ಗುಂಡು ಹಾರಿಸಿ ಶರಣಾಗಲು ಹೇಳಿದರು, ಕೇಳದೆ ಮತ್ತೆ ಮೇಲೆ ಬಿದ್ದಾಗ ಆತ್ಮರಕ್ಷಣೆಗೆ ಕಾಲಿಗೆ ಹೊಡೆದರು. ಆಸ್ಪತ್ರೆ ತಲುಪುವ ಮೊದಲೇ ಅವನು ಸತ್ತ.

‘ಕಾಲಿಗೆ ಗುಂಡು’ ಎಂಬ ಶೀರ್ಷಿಕೆ ನಮ್ಮ ಪತ್ರಿಕೆಗಳಲ್ಲಿ ಎಷ್ಟು ಸಲೀಸಾಗಿ ಬರುತ್ತದೆ! ಅದು ಸಣ್ಣ ಶಿಕ್ಷೆಯೇನೋ ಎಂಬಂತೆ ಓದಿ ಪುಟ ತಿರುಗಿಸುತ್ತೇವೆ. ತೊಡೆಯೊಳಗೆ ದೊಡ್ಡ ರಕ್ತನಾಳವಿದೆ. ಅದು ಹರಿದು ರಕ್ತ ಕಟ್ಟುವವರಿಲ್ಲದಿದ್ದರೆ ಕೆಲವೇ ನಿಮಿಷಗಳಲ್ಲಿ ಮನುಷ್ಯ ಹೋಗುತ್ತಾನೆ. ಕಾಲಿಗೆ ಹೊಡೆದ ಗುಂಡೂ ಪ್ರಾಣ ತೆಗೆಯುವ ಬಲವೇ. ಬಂಧಿಸುವಾಗ ಎಷ್ಟು ಬಲ ಬಳಸಬಹುದು ಎಂದು ಹೇಳುವ, ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 43ನೇ ಕಲಂ, ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಅಪರಾಧದ ಆರೋಪ ಇಲ್ಲದವನನ್ನು ಕೊಲ್ಲುವ ಹಕ್ಕನ್ನು ಕೊಡುವುದಿಲ್ಲ. ರಾತ್ರಿ ಹೆದ್ದಾರಿಯಲ್ಲಿ ಮಾಡಿದ ಸುಲಿಗೆಗೆ ಹೆಚ್ಚೆಂದರೆ 14 ವರ್ಷ. ಪೊಲೀಸರಿಗೆ ಉಳಿಯುವ ದಾರಿ ಒಂದೇ, ಆತ್ಮರಕ್ಷಣೆಯ ಹಕ್ಕು. ಆ ಹಕ್ಕು ಪೊಲೀಸರಿಗೂ ಇದೆ, ಇರಲೂಬೇಕು. ಆದರೆ ಗುಂಡು ಹಾರಿದ ಗಳಿಗೆಯಲ್ಲಿ ಜೀವಕ್ಕೆ ಅಪಾಯವಿತ್ತೇ ಎಂಬ ಪ್ರಶ್ನೆಗೆ ಉತ್ತರ ಬೇಕು. ಅದನ್ನು ಹೇಳಬಲ್ಲದ್ದು ಆ ನಲವತ್ತೇಳು ಸೆಕೆಂಡು ಮಾತ್ರ.

ಹುಡುಕಾಟ ಒಂದು ಛಾಯಾಪ್ರತಿಯಿಂದ ಶುರುವಾಯಿತು. ವಿಡಿಯೊದ ಒಂದು ಚಿತ್ರವನ್ನು ಮುದ್ರಿಸಿಕೊಂಡು ಹೊಲಕ್ಕೆ ಹೋದೆ. ಜೊತೆಗೆ ಸತ್ತವನ ಭಾವ ಬಂದಿದ್ದರು. ಚಿತ್ರದಲ್ಲಿ ಟಿಸಿ (ಟ್ರಾನ್ಸ್‌ಫಾರ್ಮರ್) ಕಂಬದ ಎಡಕ್ಕೆ, ತೀರ ಅಂಟಿಕೊಂಡಂತೆ, ದೂರದ ಹನುಮಪ್ಪನ ಗುಡಿಯ ಶಿಖರ ಕಾಣುತ್ತಿತ್ತು. ಬದುವಿನ ಮೇಲೆ ಹಾಳೆ ಹಿಡಿದು ನಡೆದೆ. ಕಂಬ ಮತ್ತು ಶಿಖರ ಚಿತ್ರದಲ್ಲಿದ್ದ ಹಾಗೆ ಕೂಡಿದ ಜಾಗದಲ್ಲಿ ಒಂದು ಜಾಲಿ ಪೊದೆ, ಅದರ ಹಿಂದೆ ಮೋಟರಿನ ಕೋಣೆ. ಅಲ್ಲಿಂದ ಗುಂಡು ಹಾರಿದ ಜಾಗ ಟೇಪಿನಲ್ಲಿ ಅಳೆದಾಗ 110 ಮೀಟರ್. ಹೊಲಗಳಿಗೆ ತ್ರೀ ಫೇಸ್ ಕರೆಂಟು ಬರುವುದು ರಾತ್ರಿ. ಹಾಗಾದರೆ ಬೆಳಗಿನವರೆಗೆ ನೀರು ಹಾಯಿಸುತ್ತ ಒಬ್ಬನು ಅಲ್ಲಿ ಇದ್ದಿರಲೇಬೇಕು.

ಇದ್ದ. ಹತ್ತೊಂಬತ್ತು ವರ್ಷದ ಹುಡುಗ. ನಾವು ಹೋದಾಗ ಸನಿಕೆ ಹಿಡಿದು ನಿಂತಿದ್ದವನು ಮುಖ ನೋಡಲಿಲ್ಲ. ‘ನನ್ನ ಹತ್ತಿರ ಏನೂ ಇಲ್ಲ ಅಕ್ಕಾ, ಅಳಿಸಿಬಿಟ್ಟೆ’ ಎಂದ. ಅಂದು ಬೆಳಿಗ್ಗೆ ಒಬ್ಬನೇ ಒಬ್ಬ ಗೆಳೆಯನಿಗೆ ಕಳಿಸಿದ್ದನಂತೆ. ಸಂಜೆಯೊಳಗೆ ಊರೆಲ್ಲ ಹರಡಿತು. ಮರುದಿನ ಇಬ್ಬರು ಅಪರಿಚಿತರು ಹೊಲದ ಮಾಲೀಕನ ಹತ್ತಿರ ಬಂದು ಆ ರಾತ್ರಿ ಮೋಟರಿಗೆ ಯಾರಿದ್ದರು ಎಂದು ಕೇಳಿ ಹೋದರು. ಹುಡುಗ ಹೆದರಿ ವಿಡಿಯೊ ತೆಗೆದುಹಾಕಿದ.

ಅವನ ಮೇಲೆ ಸಿಟ್ಟು ಬರಲಿಲ್ಲ. 2015ರ ಏಪ್ರಿಲ್ 4ರಂದು ಅಮೆರಿಕದ ನಾರ್ತ್ ಚಾರ್ಲ್ಸ್‌ಟನ್‌ನಲ್ಲಿ ವಾಲ್ಟರ್ ಸ್ಕಾಟ್ ಎಂಬವರು ಬೆನ್ನು ತಿರುಗಿಸಿ ಓಡುತ್ತಿದ್ದಾಗ ಮೈಕೆಲ್ ಸ್ಲೇಗರ್ ಎಂಬ ಪೊಲೀಸ್ ಅಧಿಕಾರಿ ಎಂಟು ಗುಂಡು ಹಾರಿಸಿದ. ತನ್ನ ಟೇಸರನ್ನು, ಅಂದರೆ ವಿದ್ಯುತ್ ಆಘಾತ ಕೊಡುವ ಸಾಧನವನ್ನು, ಸ್ಕಾಟ್ ಕಿತ್ತುಕೊಂಡಿದ್ದರಿಂದ ಜೀವಭಯವಾಯಿತು ಎಂಬುದು ಅವನ ಹೇಳಿಕೆ. ಕೆಲಸಕ್ಕೆ ನಡೆದು ಹೋಗುತ್ತಿದ್ದ ಯುವಕನೊಬ್ಬ ತನ್ನ ಫೋನಿನಲ್ಲಿ ಅದನ್ನು ಚಿತ್ರಿಸಿದ್ದ. ಜೀವಭಯದಿಂದ ವಿಡಿಯೊವನ್ನು ಅಳಿಸಿಬಿಡಬೇಕೆಂದು ತನಗೂ ಅನ್ನಿಸಿತ್ತು ಎಂದು ಅವನೇ ಆಮೇಲೆ ಹೇಳಿದ. ಅಳಿಸಲಿಲ್ಲ. 2017ರಲ್ಲಿ ಸ್ಲೇಗರನಿಗೆ 20 ವರ್ಷ ಶಿಕ್ಷೆಯಾಯಿತು. ಈ ಕಥೆಯನ್ನು ಬದುವಿನ ಮೇಲೆ ಕುಳಿತು ಹುಡುಗನಿಗೆ ಹೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದ. ಕೊನೆಗೆ ಫೋನ್ ತೆಗೆದು ನನ್ನ ಕೈಗೆ ಕೊಟ್ಟ.

ಗ್ಯಾಲರಿಯ ಕಸದ ಬುಟ್ಟಿಯಲ್ಲಿ ವಿಡಿಯೊ ಇನ್ನೂ ಇತ್ತು. ಆ ಫೋನಿನಲ್ಲಿ ಮೂವತ್ತು ದಿನ ಕಳೆದ ಮೇಲೆ ಅದು ತಾನಾಗಿ ಹೋಗುತ್ತದೆ. ಅಂದು ಇಪ್ಪತ್ಮೂರನೆಯ ದಿನ. ನನ್ನ ಬೆರಳು ‘ಮರಳಿಸು’ ಎಂಬುದರ ಮೇಲೆ ಹೋಗಿತ್ತು. ಅಲ್ಲೇ ಒತ್ತಿದ್ದರೆ ತಪ್ಪಾಗುತ್ತಿತ್ತು. ಕಲಬುರಗಿಯಲ್ಲಿ ನನಗೆ ಪರಿಚಯದ ಕಂಪ್ಯೂಟರ್ ತಂತ್ರಜ್ಞರೊಬ್ಬರಿಗೆ ಕರೆ ಮಾಡಿದೆ. ‘ಮರಳಿಸಬಹುದು, ಆದರೆ ಮರಳಿಸಿದ್ದನ್ನು ಮುಚ್ಚಿಡಬೇಡಿ’ ಎಂದರು. ಅವರು ಹೇಳಿದಂತೆ ಇಡೀ ಕ್ರಿಯೆಯನ್ನು ನನ್ನ ಮೊಬೈಲಿನಲ್ಲಿ ಚಿತ್ರಿಸಿದೆ. ಫೋನನ್ನು ಹಿಡಿದದ್ದೂ ಒತ್ತಿದ್ದೂ ಹುಡುಗನೇ. ಅಳಿಸಿದ್ದು ಏಕೆ, ಮರಳಿಸಿದ್ದು ಯಾವಾಗ, ಜೊತೆಗಿದ್ದವರು ಯಾರು ಎಂದು ಅಲ್ಲೇ ಕಾಗದದಲ್ಲಿ ಬರೆದು ಸಹಿ ಮಾಡಿಸಿಕೊಂಡೆ. ಆರು ತಿಂಗಳ ನಂತರ ಎದುರು ವಕೀಲರು ಕೇಳಿದ ಮೊದಲ ಪ್ರಶ್ನೆಯೇ ಇದು. ಉತ್ತರ ಆ ಕಾಗದದಲ್ಲಿ ಸಿದ್ಧವಾಗಿತ್ತು.

ವಾಟ್ಸ್‌ಆ್ಯಪ್ ವಿಡಿಯೊವನ್ನು ಕುಗ್ಗಿಸುತ್ತದೆ, ಹೆಸರು ಬದಲಿಸುತ್ತದೆ, ಚಿತ್ರೀಕರಣದ ಮೂಲ ವಿವರಗಳನ್ನು ಕಳೆಯುತ್ತದೆ. ಆದ್ದರಿಂದ ಕೇಬಲ್ ಹಾಕಿ ಮೂಲ ಫೈಲನ್ನೇ ಎರಡು ಹೊಸ ಪೆನ್‌ಡ್ರೈವ್‌ಗಳಿಗೆ ಇಳಿಸಿಕೊಂಡೆವು. ತಂತ್ರಜ್ಞರು ಫೈಲಿನ ಹ್ಯಾಶ್ ತೆಗೆದರು. ಅದು ಅರವತ್ತನಾಲ್ಕು ಅಕ್ಷರ-ಅಂಕಿಗಳ ಸಾಲು. ಫೈಲಿನಲ್ಲಿ ಒಂದು ಚುಕ್ಕೆ ಬದಲಾದರೂ ಸಾಲು ಪೂರ್ತಿ ಬೇರೆಯಾಗುತ್ತದೆ. ಎಲೆಕ್ಟ್ರಾನಿಕ್ ದಾಖಲೆಯ ನಕಲಿಗೆ ಪ್ರಮಾಣಪತ್ರ ಕಡ್ಡಾಯವೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಅರ್ಜುನ್ ಪಂಡಿತರಾವ್ ಖೋತ್ಕರ್ ಪ್ರಕರಣದಲ್ಲಿ ಖಚಿತಪಡಿಸಿದೆ. ಈಗಿನ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಅದಕ್ಕೆ ಎರಡು ಭಾಗ: ಒಂದು ಸಾಧನ ಬಳಸಿದವನದು, ಇನ್ನೊಂದು ತಜ್ಞರದು. ಎರಡರಲ್ಲೂ ಹ್ಯಾಶ್ ಬರೆಯಬೇಕು. ಮೊದಲ ಭಾಗಕ್ಕೆ ಹುಡುಗ ಸಹಿ ಹಾಕಿದ. ಫಾರ್ವರ್ಡ್ ಮಾಡಿದವರು ಸಾವಿರ ಜನರಿದ್ದರೂ ಈ ಸಹಿ ಹಾಕಲು ಯೋಗ್ಯನಾದವನು ಅವನೊಬ್ಬನೇ.

ಸಮಯದ ವಿಷಯದಲ್ಲಿ ನಾನೇ ಬೆಚ್ಚಿದೆ. ಫೈಲಿನ ಹೆಸರಿನಲ್ಲಿ ಬೆಳಿಗ್ಗೆ 6:52 ಎಂದಿತ್ತು, ಒಳಗಿನ ವಿವರದಲ್ಲಿ 1:22. ಎರಡು ರಾತ್ರಿ ನಿದ್ದೆ ಬರಲಿಲ್ಲ. ಫೋನುಗಳು ವಿಡಿಯೊದೊಳಗೆ ಗ್ರೀನಿಚ್ ಸಮಯವನ್ನು ಬರೆಯುತ್ತವೆ, ನಮ್ಮದು ಅದಕ್ಕಿಂತ ಐದೂವರೆ ಗಂಟೆ ಮುಂದಿದೆ ಎಂದು ತಂತ್ರಜ್ಞರು ವಿವರಿಸಿದಾಗಲೇ ಉಸಿರು ಬಂತು. ಇದನ್ನು ಎದುರಿನವರು ಎತ್ತುವ ಮೊದಲೇ ತಜ್ಞರ ಭಾಗದಲ್ಲಿ ಬರೆಸಿದೆ.

ಅಷ್ಟರಲ್ಲಿ ಸತ್ತವನ ಸಂಬಂಧಿ ಹುಡುಗನೊಬ್ಬ ಸಂತೋಷದಿಂದ ಓಡಿ ಬಂದ. ಕೃತಕ ಬುದ್ಧಿಮತ್ತೆಯ ಆ್ಯಪ್‌ನಲ್ಲಿ ಹಾಕಿ ವಿಡಿಯೊವನ್ನು ಸ್ಪಷ್ಟಗೊಳಿಸಿದ್ದ. ಅದರಲ್ಲಿ ಸತ್ತವನ ಬಲಗೈ ಖಾಲಿ ಇರುವುದು, ಐದು ಬೆರಳೂ ಎಣಿಸುವಷ್ಟು, ಕಾಣುತ್ತಿತ್ತು. ಮೂಲದಲ್ಲಿ ಆ ಕೈ ಬರೀ ನಾಲ್ಕಾರು ಚುಕ್ಕೆ. ಉಳಿದದ್ದನ್ನು ಆ್ಯಪ್ ತಾನೇ ಬರೆದಿತ್ತು. ‘ಇದನ್ನು ಯಾರಿಗೂ ಕಳಿಸಬೇಡ ತಮ್ಮಾ, ಇದು ನಮ್ಮ ಪ್ರಕರಣವನ್ನೇ ಕೊಲ್ಲುತ್ತದೆ’ ಎಂದೆ. ಅವನಿಗೆ ಬೇಸರವಾಯಿತು. ಮನೆಯವರಿಗೂ ಆಯಿತು. ಆ ಖಾಲಿ ಕೈ ಅವರಿಗೆ ಬೇಕಿತ್ತು.

ವಿಡಿಯೊ ಏನನ್ನು ಹೇಳುವುದಿಲ್ಲ ಎಂದು ನಾನು ಅರ್ಜಿಯಲ್ಲೇ ಬರೆದೆ. ಅದು ಶುರುವಾಗುವ ಹೊತ್ತಿಗೆ ಕಾನ್‌ಸ್ಟೆಬಲ್ ತೋಳು ಹಿಡಿದು ಕುಳಿತಿದ್ದಾರೆ. ಅದಕ್ಕೆ ಮೊದಲು ಏನಾಯಿತೋ ಅದರಲ್ಲಿಲ್ಲ. ಕೈಯಲ್ಲಿ ಮಚ್ಚಿತ್ತೇ ಇಲ್ಲವೇ ಕಾಣದು. ಕಾಣುವುದು ಮೂರು ಸಂಗತಿ. ಅವನು ಅಧಿಕಾರಿಯಿಂದ ಹತ್ತು ಹನ್ನೆರಡು ಹೆಜ್ಜೆ ದೂರದಲ್ಲಿ ಕಬ್ಬಿನ ಕಡೆಗೆ ಹೋಗುತ್ತಿದ್ದ. ಎರಡು ಗುಂಡುಗಳ ನಡುವೆ ಅಂತರ ಇರಲೇ ಇಲ್ಲ ಎನ್ನುವಷ್ಟು ಕಡಿಮೆ. ಬಿದ್ದ ಮೇಲೆ, ವಿಡಿಯೊ ಮುಗಿಯುವವರೆಗಿನ ಮೂವತ್ತೊಂದು ಸೆಕೆಂಡು, ಯಾರೂ ಅವನ ತೊಡೆಗೆ ಬಟ್ಟೆ ಕಟ್ಟಲಿಲ್ಲ.

ಅಂತರವನ್ನು ಮೊದಲು ಚಿತ್ರಗಳನ್ನು ಎಣಿಸಿ ಲೆಕ್ಕ ಹಾಕಿದ್ದೆ. ಅದು ನನ್ನ ತಪ್ಪು. ಮೊಬೈಲುಗಳು ಪ್ರತಿ ಸೆಕೆಂಡಿಗೆ ಒಂದೇ ಸಂಖ್ಯೆಯ ಚಿತ್ರ ತೆಗೆಯುವುದಿಲ್ಲ, ಬೆಳಕು ಕಡಿಮೆಯಿದ್ದರೆ ಸಂಖ್ಯೆ ಇಳಿಯುತ್ತದೆ. ತಂತ್ರಜ್ಞರು ಧ್ವನಿಯಿಂದ ಅಳೆದರು. 110 ಮೀಟರ್ ದೂರಕ್ಕೆ ಶಬ್ದ ಬರಲು ಸೆಕೆಂಡಿನ ಮೂರನೇ ಒಂದು ಭಾಗ ಬೇಕು. ಎರಡೂ ಗುಂಡಿನ ಶಬ್ದ ಅಷ್ಟೇ ತಡವಾಗಿ ಬರುವುದರಿಂದ ನಡುವಿನ ಅಂತರ ಕೆಡುವುದಿಲ್ಲ. ಅಂತರ 0.9 ಸೆಕೆಂಡು. ‘ಗಾಳಿಯಲ್ಲಿ ಗುಂಡು, ಶರಣಾಗಲು ಸೂಚನೆ, ಕೇಳದೆ ಮತ್ತೆ ದಾಳಿ, ಆಮೇಲೆ ಕಾಲಿಗೆ ಗುಂಡು’. ಇಷ್ಟೆಲ್ಲ 0.9 ಸೆಕೆಂಡಿನೊಳಗೆ ನಡೆಯಲು ಸಾಧ್ಯವೇ ಎಂದು ಕೇಳಿದೆ. ಅದಕ್ಕಿಂತ ಹೆಚ್ಚಿನದೇನನ್ನೂ ಕೇಳಲಿಲ್ಲ.

ಹೀಗೆ ಕೈ ಬಿಗಿ ಹಿಡಿದದ್ದಕ್ಕೆ ಕಾರಣವಿದೆ. 1991ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ರಾಡ್ನಿ ಕಿಂಗ್ ಅವರನ್ನು ಪೊಲೀಸರು ಥಳಿಸಿದ್ದನ್ನು ದಾರಿಬದಿಯ ಮನೆಯವರೊಬ್ಬರು ಚಿತ್ರಿಸಿದ್ದರು. ಜಗತ್ತೇ ಅದನ್ನು ನೋಡಿತು. ಆದರೆ ಪೊಲೀಸರ ಪರ ವಕೀಲರು ಅದನ್ನೇ ಒಂದೊಂದು ಚಿತ್ರವಾಗಿ ಬಿಡಿಸಿ ತೋರಿಸುತ್ತ ತಮ್ಮ ಕಥೆ ಹೇಳಿದರು. 1992ರಲ್ಲಿ ಆ ನ್ಯಾಯಾಲಯದಲ್ಲಿ ಯಾರಿಗೂ ಶಿಕ್ಷೆಯಾಗಲಿಲ್ಲ. 2020ರಲ್ಲಿ ಅಮೆರಿಕದಲ್ಲೇ ಪೊಲೀಸ್ ಅಧಿಕಾರಿಯೊಬ್ಬ ಕುತ್ತಿಗೆಯ ಮೇಲೆ ಮೊಣಕಾಲೂರಿ ಕೊಂದ ಜಾರ್ಜ್ ಫ್ಲಾಯ್ಡ್ ಅವರ ಪ್ರಕರಣದಲ್ಲಿ ವಿಡಿಯೊ ತೆಗೆದ ಹದಿನೇಳರ ಹುಡುಗಿ ತಾನೇ ನ್ಯಾಯಾಲಯಕ್ಕೆ ಬಂದು ಸಾಕ್ಷಿ ಹೇಳಿದಳು. ಆ ಅಧಿಕಾರಿ ಡೆರೆಕ್ ಶಾವಿನ್‌ಗೆ ಇಪ್ಪತ್ತೆರಡೂವರೆ ವರ್ಷ ಶಿಕ್ಷೆಯಾಯಿತು. ಆ ಹುಡುಗಿ ಕಟಕಟೆಯಲ್ಲಿ ಅತ್ತದ್ದನ್ನು ಓದಿದಾಗೆಲ್ಲ ನಮ್ಮ ಹುಡುಗನ ನೆನಪಾಗುತ್ತದೆ.

ಅವನ ರಕ್ಷಣೆಯೇ ನನಗೆ ಅತ್ಯಂತ ಕಷ್ಟದ ಕೆಲಸವಾಯಿತು. ನೇರವಾಗಿ ಮ್ಯಾಜಿಸ್ಟ್ರೇಟರ ಮುಂದೆ ಹೋಗಿ ಹೇಳಿಕೆ ದಾಖಲಿಸಿಬಿಡೋಣ ಎಂದುಕೊಂಡಿದ್ದೆ. ತನಿಖಾಧಿಕಾರಿ ಕೇಳದೆ ಸಾಕ್ಷಿ ತಾನಾಗಿ ಹಾಗೆ ಹೋಗುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1999ರಲ್ಲೇ ಜೋಗೇಂದ್ರ ನಾಹಕ್ ಪ್ರಕರಣದಲ್ಲಿ ಹೇಳಿದೆ. ದಾರಿ ಸಿಕ್ಕಿದ್ದು ಇನ್ನೊಂದು ಕಡೆ. ಪೊಲೀಸ್ ವಶದಲ್ಲಿದ್ದವನು ಸತ್ತರೆ ಸಂಹಿತೆಯ 196ನೇ ಕಲಮಿನಂತೆ ಜುಡಿಷಿಯಲ್ ಮ್ಯಾಜಿಸ್ಟ್ರೇಟರ ವಿಚಾರಣೆ ನಡೆಯಬೇಕು. ಆ ವಿಚಾರಣೆಗೆ ಅವನ ಪ್ರಮಾಣಪತ್ರವನ್ನು, ಮುಚ್ಚಿದ ಲಕೋಟೆಯಲ್ಲಿ ಫೋನನ್ನು ಸಲ್ಲಿಸಿದೆವು. ಫೋನ್ ಠಾಣೆಯ ಕೈಗಲ್ಲ, ನ್ಯಾಯಾಲಯದ ಕೈಗೇ ಹೋಗಬೇಕೆಂಬುದು ನನ್ನ ಹಟವಾಗಿತ್ತು. ಜೊತೆಗೆ, ಎನ್‌ಕೌಂಟರ್ ಸಾವುಗಳ ಬಗ್ಗೆ 2014ರಲ್ಲಿ ಪಿಯುಸಿಎಲ್ ಎಂಬ ಮಾನವ ಹಕ್ಕು ಸಂಘಟನೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಹದಿನಾರು ಸೂಚನೆಗಳನ್ನು ಮುಂದಿಟ್ಟು, ತನಿಖೆ ಸಿಐಡಿ ಅಥವಾ ಬೇರೆ ಠಾಣೆಯ ತಂಡಕ್ಕೆ ಹೋಗಲಿ ಎಂದು ಕೇಳಿದೆ.

ಸಾಕ್ಷಿ ರಕ್ಷಣಾ ಯೋಜನೆಗೆ 2018ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿಗೆ ಕೊಟ್ಟಿದೆ. ಅರ್ಜಿಯನ್ನು ಕೇಳುವುದು ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ಸಮಿತಿ. ಆದರೆ ಬೆದರಿಕೆ ಎಷ್ಟಿದೆ ಎಂಬ ವರದಿಯನ್ನು ಬರೆಯುವವರು ಪೊಲೀಸ್ ಅಧಿಕಾರಿಯೇ. ಬೆದರಿಕೆ ಪೊಲೀಸರಿಂದಲೇ ಇರಬಹುದು ಎನ್ನುವ ಹುಡುಗನಿಗೆ ಇದನ್ನು ಹೇಗೆ ವಿವರಿಸಲಿ? ಅವನ ತಾಯಿ ನನ್ನ ಕೈ ಹಿಡಿದು ‘ಅಕ್ಕಾವರೇ, ನನಗೆ ಇರುವವನು ಇವನೊಬ್ಬ’ ಎಂದಾಗ ನನ್ನ ಹತ್ತಿರ ಮಾತಿರಲಿಲ್ಲ. ಅರ್ಜಿ ಹಾಕಿದೆವು. ವರದಿ ಬರುವವರೆಗೆ ಅವನನ್ನು ದೂರದ ನೆಂಟರ ಮನೆಯಲ್ಲಿ ಇರಿಸಿದೆವು. ಎರಡು ತಿಂಗಳ ಕೂಲಿ ಹೋಯಿತು. ನಾವು ನಾಲ್ಕು ವಕೀಲರು ಸೇರಿ ಆ ಕೂಲಿಯನ್ನು ಮನೆಗೆ ಮುಟ್ಟಿಸಿದೆವು. ಅದು ಅವನ ಮಾತಿನ ಬೆಲೆಯೆಂದು ಯಾರೂ ಹೇಳಬಾರದೆಂದು ಅದನ್ನೂ ನ್ಯಾಯಾಲಯಕ್ಕೆ ತಿಳಿಸಿದೆ.

ವಿಚಾರಣೆಯ ದಿನ ಅವನು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ. ಒಂದು ಗಂಟೆ ಹತ್ತು ನಿಮಿಷ ನಿಂತೇ ಉತ್ತರಿಸಿದ. ಕೈಯಲ್ಲಿ ಮಚ್ಚಿತ್ತೇ ಎಂದು ಕೇಳಿದಾಗ ‘ನನಗೆ ಕಾಣಲಿಲ್ಲ’ ಎಂದ. ಇರಲಿಲ್ಲ ಎನ್ನಲಿಲ್ಲ. ಹಾಗೆ ಹೇಳು ಎಂದು ನಾನು ಕಲಿಸಿರಲಿಲ್ಲ. ವರದಿ ಬಂದ ಮೇಲೆ ಅಧಿಕಾರಿಯ ವಿರುದ್ಧ ಪ್ರಕರಣ ದಾಖಲಾಯಿತು. ತನಿಖೆ ಬೇರೆ ಜಿಲ್ಲೆಯ ತಂಡದ ಕೈಯಲ್ಲಿದೆ.

ಹೊರಗೆ ಬೇವಿನ ಮರದ ಕೆಳಗೆ ನೀರು ಕುಡಿಯುತ್ತ ಅವನು ಕೇಳಿದ್ದು ಫೋನಿನ ಬಗ್ಗೆ. ಅದರಲ್ಲಿ ಕಾರಹುಣ್ಣಿಮೆಗೆ ಸಿಂಗರಿಸಿದ ಅವನ ಎತ್ತಿನ ಫೋಟೊಗಳಿವೆ. ಆ ಎತ್ತನ್ನು ಹೋದ ವರ್ಷ ಮಾರಿದ್ದಾರೆ, ಬೇರೆ ಫೋಟೊ ಇಲ್ಲ. ಫೋನ್ ಮುದ್ದೆಮಾಲಾಗಿ, ಅಂದರೆ ಪ್ರಕರಣದ ಸಾಕ್ಷ್ಯವಸ್ತುವಾಗಿ, ನ್ಯಾಯಾಲಯದ ಕೋಣೆಯಲ್ಲಿದೆ, ಸದ್ಯಕ್ಕೆ ಹೊರಬರುವುದಿಲ್ಲ. ವಿಧಿವಿಜ್ಞಾನ ಪ್ರಯೋಗಾಲಯದವರು ತೆಗೆದ ನಕಲಿನಿಂದ ಆ ಫೋಟೊಗಳನ್ನಷ್ಟೇ ಕೊಡಿಸಬೇಕೆಂದು ಅರ್ಜಿ ಹಾಕಿದ್ದೇನೆ. ಮುಂದಿನ ವಾರ ಅದರ ವಿಚಾರಣೆ.