ನಗರದಲ್ಲಿ ಜನಗಣತಿಗೆ ಯಾರೂ ತಪ್ಪಿಹೋಗದಂತೆ ನೋಡಿಕೊಳ್ಳುವುದು ಹೇಗೆ

ಜನಗಣತಿಯ ಪ್ರಚಾರ ಎಂದಕೂಡಲೇ ಬ್ಯಾನರು, ಜಾಥಾ, ಧ್ವನಿವರ್ಧಕ ಕಟ್ಟಿದ ಆಟೊ ಇವೇ ನೆನಪಿಗೆ ಬರುತ್ತವೆ. ಇವುಗಳಿಂದ ದಿನಾಂಕವೊಂದು ಜನರ ಕಿವಿಗೆ ಬೀಳುತ್ತದೆ, ಅಷ್ಟೇ. ನಗರದಲ್ಲಿ ಗಣತಿಯಿಂದ ಹೊರಗುಳಿಯುವವರಲ್ಲಿ ಬೇಡವೆಂದು ಬಾಗಿಲು ಹಾಕಿಕೊಂಡವರಿಗಿಂತ, ಗಣತಿದಾರರು ಬಂದ ಹೊತ್ತಿನಲ್ಲಿ ಕೆಲಸಕ್ಕೆ ಹೋಗಿದ್ದವರು, ಯಾವ ಮನೆಯ ಲೆಕ್ಕಕ್ಕೆ ಸೇರಬೇಕೆಂದು ಯಾರಿಗೂ ಸ್ಪಷ್ಟವಿಲ್ಲದೆ ಎರಡು ಮನೆಗಳ ನಡುವೆ ಜಾರಿಹೋದವರು ಹೆಚ್ಚು ಎಂಬುದು ನನ್ನ ಅಭಿಪ್ರಾಯ. 2011ರ ಗಣತಿ ಮುಗಿದ ಮೇಲೆ ಅದರ ನಿಖರತೆಯನ್ನು ಅಳೆಯಲು ನಡೆಸಿದ ಮರುಸಮೀಕ್ಷೆಯಲ್ಲಿ, ದೇಶದಲ್ಲಿ ಪ್ರತಿ 1,000 ಜನರಿಗೆ ಸುಮಾರು 23 ಮಂದಿ ಎಣಿಕೆಯಿಂದ ಬಿಟ್ಟುಹೋಗಿದ್ದುದು ಕಂಡುಬಂತು. ಹಳ್ಳಿಗಳಿಗಿಂತ ನಗರಗಳಲ್ಲಿ ಈ ಪ್ರಮಾಣ ಹೆಚ್ಚಾಗಿತ್ತು. ಆದ್ದರಿಂದ ನಿವಾಸಿಗಳ ಸಂಘದ ಪದಾಧಿಕಾರಿಗಳು, ಅಪಾರ್ಟ್‌ಮೆಂಟ್ ವ್ಯವಸ್ಥಾಪಕರು, ವಾರ್ಡಿನ ಸ್ವಯಂಸೇವಕರು ಭಾಷಣಕ್ಕೆ ಕೊಡುವ ಸಮಯದಲ್ಲಿ ಅರ್ಧವನ್ನಾದರೂ, ತಮ್ಮ ಬೀದಿಯಲ್ಲಿ ತಪ್ಪಿಹೋಗಬಹುದಾದವರು ಯಾರು ಎಂದು ಹುಡುಕುವುದಕ್ಕೆ ಮೀಸಲಿಡುವುದು ಒಳ್ಳೆಯದು.

ಮೊದಲು ವೇಳಾಪಟ್ಟಿಯನ್ನು ಸರಿಯಾಗಿ ತಿಳಿದುಕೊಳ್ಳಬೇಕು. 2021ರಲ್ಲಿ ನಡೆಯಬೇಕಿದ್ದು ಕೋವಿಡ್‌ನಿಂದಾಗಿ ಮುಂದೂಡಲ್ಪಟ್ಟ ಗಣತಿಯು 2027ರ ಜನಗಣತಿಯಾಗಿ ಎರಡು ಹಂತಗಳಲ್ಲಿ ನಡೆಯುತ್ತದೆ. ಮನೆಪಟ್ಟಿ ಮತ್ತು ಮನೆಗಣತಿ ಎಂಬ ಮೊದಲ ಹಂತಕ್ಕೆ 2026ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಅವಧಿಯಲ್ಲಿ ಆಯಾ ರಾಜ್ಯ ಗೊತ್ತುಪಡಿಸಿಕೊಂಡ 30 ದಿನಗಳು ಮೀಸಲು. ಇದರಲ್ಲಿ ಗೋಡೆ, ಚಾವಣಿ, ಕುಡಿಯುವ ನೀರು, ಶೌಚಾಲಯ, ಅಡುಗೆಯ ಇಂಧನ, ಇಂಟರ್‌ನೆಟ್, ವಾಹನ ಮುಂತಾದವನ್ನು ಕುರಿತ 33 ಪ್ರಶ್ನೆಗಳಿವೆ. ವ್ಯಕ್ತಿಗಳನ್ನು ಒಬ್ಬೊಬ್ಬರಾಗಿ ಎಣಿಸುವ ಎರಡನೇ ಹಂತವು ಹಿಮಾವೃತ ಪ್ರದೇಶಗಳನ್ನು ಬಿಟ್ಟರೆ ಉಳಿದೆಲ್ಲೆಡೆ 2027ರ ಫೆಬ್ರುವರಿಯಲ್ಲಿ ನಡೆಯುತ್ತದೆ, ಮತ್ತು ಅದರ ಲೆಕ್ಕವೆಲ್ಲ 2027ರ ಮಾರ್ಚ್ 1ರ ಶೂನ್ಯ ಗಂಟೆಗೆ, ಅಂದರೆ ಫೆಬ್ರುವರಿ 28 ಕಳೆದು ಮಾರ್ಚ್ 1 ಶುರುವಾಗುವ ಮಧ್ಯರಾತ್ರಿಗೆ, ಅನ್ವಯಿಸುತ್ತದೆ. ಮೊದಲ ಹಂತದಲ್ಲಿ ಉತ್ತರ ಕೊಟ್ಟ ಮನೆಯವರು ಎರಡನೆಯದಕ್ಕೆ "ನಮ್ಮದು ಆಗಿದೆ" ಎಂದು ಹೇಳುವ ಸಾಧ್ಯತೆ ಬಹಳವಿರುವುದರಿಂದ, ಸೂಚನಾ ಫಲಕದಲ್ಲಿ "ಮನೆ ಎಣಿಕೆ", "ಜನ ಎಣಿಕೆ" ಎಂದು ಎರಡನ್ನೂ ಬೇರೆ ಬೇರೆಯಾಗಿ ಬರೆದು ಹಾಕುವುದು ಅಗತ್ಯ.

ಕರ್ನಾಟಕದ ನಗರಗಳಲ್ಲಿ ಇನ್ನೊಂದು ಗೊಂದಲವೂ ಇದೆ. ರಾಜ್ಯ ಹಿಂದುಳಿದ ವರ್ಗಗಳ ಆಯೋಗವು 2025ರ ಸೆಪ್ಟೆಂಬರ್ 22ರಿಂದ ನಡೆಸಿದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗಾಗಿ ಮನೆಮನೆಗೆ ಬಂದವರನ್ನು ಜನ ಇನ್ನೂ ಮರೆತಿಲ್ಲ. ಬಾಗಿಲಿಗೆ ಅಂಟಿಸಿದ ಚೀಟಿ ಎಷ್ಟೋ ಮನೆಗಳಲ್ಲಿ ಹಾಗೆಯೇ ಇದೆ. ಆ ಸಮೀಕ್ಷೆಯಲ್ಲಿ ಭಾಗವಹಿಸುವುದು ಸ್ವಯಂಪ್ರೇರಿತ ಎಂದು ಹೈಕೋರ್ಟ್ ಮಧ್ಯಂತರ ಆದೇಶದಲ್ಲಿ ಸ್ಪಷ್ಟಪಡಿಸಿತ್ತು. ಆದರೆ ಜನಗಣತಿ ನಡೆಯುವುದು ಕೇಂದ್ರದ 1948ರ ಜನಗಣತಿ ಕಾಯ್ದೆಯಡಿ, ಮತ್ತು ಅದರ 8ನೇ ಪ್ರಕರಣದಂತೆ ಗಣತಿ ಅಧಿಕಾರಿ ಕೇಳಿದ ಪ್ರಶ್ನೆಗಳಿಗೆ ತನಗೆ ತಿಳಿದಮಟ್ಟಿಗೆ ಉತ್ತರಿಸುವುದು ಪ್ರತಿಯೊಬ್ಬರ ಕಾನೂನುಬದ್ಧ ಕರ್ತವ್ಯ. ನಿರಾಕರಿಸಿದರೆ 1,000 ರೂಪಾಯಿವರೆಗೆ ದಂಡ ವಿಧಿಸುವುದಕ್ಕೂ ಅವಕಾಶವಿದೆ. ಈ ದಂಡದ ಮಾತನ್ನು ನೆರೆಹೊರೆಯವರ ಮುಂದೆ ಮೊದಲಿಗೇ ಎತ್ತುವುದು ಮಾತ್ರ ಜಾಣತನವಲ್ಲ, ಏಕೆಂದರೆ ಬೆದರಿಕೆಗೆ ಮಣಿದು ಬಾಗಿಲು ತೆರೆದವರು ಕೊಡುವ ಉತ್ತರಗಳೂ ಹಾರಿಕೆಯವೇ ಆಗಿರುತ್ತವೆ.

ತಪ್ಪಿಹೋಗುವವರು ಯಾರು?

ಜನಗಣತಿಯ ದೃಷ್ಟಿಯಲ್ಲಿ ಕುಟುಂಬವೆಂದರೆ ರಕ್ತಸಂಬಂಧಿಗಳ ಗುಂಪೇ ಆಗಬೇಕಿಲ್ಲ. ಸಾಮಾನ್ಯವಾಗಿ ಒಟ್ಟಿಗೆ ವಾಸಿಸುತ್ತ ಒಂದೇ ಅಡುಗೆಮನೆಯಲ್ಲಿ ಉಣ್ಣುವವರೆಲ್ಲ ಒಂದು ಕುಟುಂಬ. ಈ ಒಂದು ಮಾತನ್ನು ಅರ್ಥಮಾಡಿಕೊಂಡು ಬೇರೆಯವರಿಗೂ ಅರ್ಥಮಾಡಿಸಿದರೆ ಅರ್ಧ ಕೆಲಸ ಮುಗಿದಂತೆ. ಮನೆಯಲ್ಲೇ ಉಳಿದು ಅಲ್ಲೇ ಊಟಮಾಡುವ ಮನೆಗೆಲಸದಾಕೆ ಆ ಮನೆಯ ಲೆಕ್ಕಕ್ಕೇ ಸೇರುತ್ತಾಳೆ. ಬೆಳಿಗ್ಗೆ ಬಂದು ಸಂಜೆ ಹೋಗುವವಳು ತನ್ನ ಮನೆಯಲ್ಲಿ ಎಣಿಕೆಯಾಗುತ್ತಾಳೆ. ನೆಲಮಾಳಿಗೆಯ ಪಂಪ್ ಕೋಣೆಯ ಪಕ್ಕದಲ್ಲಿ ಹೆಂಡತಿ ಮಕ್ಕಳೊಂದಿಗೆ ಬೇರೆ ಒಲೆ ಹೂಡಿರುವ ಕಾವಲುಗಾರನದು ಪ್ರತ್ಯೇಕ ಕುಟುಂಬ, ಅದು ಕಟ್ಟಡದ ನಕ್ಷೆಯಲ್ಲಿ ಇಲ್ಲದಿದ್ದರೂ ಗಣತಿಯಲ್ಲಿ ಇರಲೇಬೇಕು. ನೂರು ಫ್ಲ್ಯಾಟುಗಳ ಸಂಕೀರ್ಣದಲ್ಲಿ ಗಣತಿದಾರರಿಗೆ ಫ್ಲ್ಯಾಟುಗಳ ಪಟ್ಟಿಯನ್ನು ಕೊಟ್ಟು, ಆ ಫ್ಲ್ಯಾಟುಗಳನ್ನು ಕಾಯುವವನನ್ನೇ ಹೇಳಲು ಮರೆಯುವುದು ಎಲ್ಲ ಸಂಘಗಳಲ್ಲೂ ನಡೆಯಬಹುದಾದ ತಪ್ಪು.

ಪಿಜಿ, ವಿದ್ಯಾರ್ಥಿನಿಲಯಗಳಂತೆ ಸಂಬಂಧಿಗಳಲ್ಲದವರು ಒಂದೇ ಅಡುಗೆಮನೆಯ ಊಟದ ಮೇಲೆ ಇರುವ ತಾಣಗಳನ್ನು ಸಾಂಸ್ಥಿಕ ಕುಟುಂಬವೆಂದು ಪರಿಗಣಿಸಲಾಗುತ್ತದೆ. ಇಲ್ಲಿರುವ ಯುವಕ ಯುವತಿಯರು "ನಮ್ಮ ಹೆಸರನ್ನು ಊರಿನಲ್ಲಿ ಅಪ್ಪ ಬರೆಸಿರುತ್ತಾರೆ" ಎಂದುಕೊಳ್ಳುತ್ತಾರೆ. ಊರಿನಲ್ಲಿ ಅಪ್ಪ "ಅವನು ಇಲ್ಲಿಲ್ಲವಲ್ಲ" ಎಂದು ಬಿಟ್ಟಿರುತ್ತಾರೆ. ಗಣತಿಯ ಅವಧಿ ಪೂರ್ತಿ ಊರಿನಿಂದ ಹೊರಗಿರುವವರು ಎಲ್ಲಿರುತ್ತಾರೋ ಅಲ್ಲೇ ಎಣಿಕೆಯಾಗಬೇಕು ಎಂಬುದು ನಿಯಮ. ಆ ಅವಧಿಯ ಕೆಲವು ದಿನಗಳನ್ನಾದರೂ ತಮ್ಮ ಖಾಯಂ ಮನೆಯಲ್ಲಿ ಕಳೆಯುವವರು ಆ ಮನೆಯ ಲೆಕ್ಕಕ್ಕೆ ಸೇರುತ್ತಾರೆ. ಪಿಜಿ ಮಾಲೀಕರು ತಮ್ಮ ಕಟ್ಟಡದಲ್ಲಿ ಇಷ್ಟು ಜನರಿದ್ದಾರೆಂದು ಒಪ್ಪಿಕೊಳ್ಳಲು ಹಿಂಜರಿಯುತ್ತಾರೆ, ಅದಕ್ಕೆ ಪರವಾನಗಿಯಿಂದ ತೆರಿಗೆಯವರೆಗೆ ಕಾರಣಗಳಿರುತ್ತವೆ. ಮಾಲೀಕರ ಜೊತೆಗೆ ವಾಸಿಗಳೊಂದಿಗೂ ನೇರವಾಗಿ ಮಾತನಾಡುವುದು ಇದಕ್ಕಿರುವ ದಾರಿ. ಊಟದ ಕೋಣೆಯ ಗೋಡೆಗೆ ಕನ್ನಡ, ಹಿಂದಿ, ಇಂಗ್ಲಿಷಿನಲ್ಲಿ ಒಂದೊಂದು ಪುಟದ ಸೂಚನೆ ಅಂಟಿಸಿದರೆ ಸಾಕಾಗುತ್ತದೆ.

ಇದಕ್ಕೆ ವಿರುದ್ಧವಾದ ತಪ್ಪೂ ಉಂಟು. ವಿದೇಶದಲ್ಲಿ ನೆಲೆಸಿರುವ ಮಗನನ್ನು ಪ್ರೀತಿಯಿಂದ ಲೆಕ್ಕಕ್ಕೆ ಸೇರಿಸುವ ತಂದೆತಾಯಿಗಳಿಗೆ, ಗಣತಿಯ ಅವಧಿಯಲ್ಲಿ ದೇಶದಲ್ಲೇ ಇಲ್ಲದವರನ್ನು ಬರೆಸಬಾರದೆಂದು ಮೆತ್ತಗೆ ಹೇಳಬೇಕಾಗುತ್ತದೆ.

ಕಟ್ಟಡ ಕಾರ್ಮಿಕರ ಶೆಡ್ಡುಗಳು, ಅಂಗಡಿಯ ಮೇಲಿನ ಒಂಟಿ ಕೋಣೆಗಳು, ಹೊಸದಾಗಿ ಎದ್ದ ಟೆರೇಸಿನ ಮನೆಗಳು, ಹಗಲೆಲ್ಲ ಬೀಗ ಬಿದ್ದಿರುವ ಬಾಡಿಗೆ ಮನೆಗಳು ಇವನ್ನು ಬೀದಿಯಲ್ಲಿ ಒಮ್ಮೆ ನಡೆದು ಗುರುತು ಮಾಡಿಕೊಳ್ಳಬೇಕು. ಗಣತಿದಾರರಿಗೆ ಹಂಚಿಕೊಡುವ ಒಂದು ಬ್ಲಾಕಿನಲ್ಲಿ ಸಾಮಾನ್ಯವಾಗಿ 700ರಿಂದ 800 ಜನರಿರುತ್ತಾರೆ, ಮತ್ತು ಗಣತಿದಾರರಲ್ಲಿ ಬಹುಪಾಲು ಶಾಲಾ ಶಿಕ್ಷಕರು. ಅವರಿಗೆ ನಿಮ್ಮ ಬೀದಿಯ ಹಿತ್ತಿಲ ಬಾಗಿಲುಗಳ ಪರಿಚಯವಿರುವುದಿಲ್ಲ. ಅವರು ಬಂದ ಮೊದಲ ದಿನವೇ ಅರ್ಧ ಗಂಟೆ ಜೊತೆಯಲ್ಲಿ ಸುತ್ತಾಡಿ ಇಂಥ ಬಾಗಿಲುಗಳನ್ನು ತೋರಿಸಿಕೊಡುವುದಕ್ಕಿಂತ ದೊಡ್ಡ ಪ್ರೋತ್ಸಾಹ ಇನ್ನೊಂದಿಲ್ಲ.

ಗೇಟು, ಹೊತ್ತು ಮತ್ತು ಗುಟ್ಟು

ಅಪಾರ್ಟ್‌ಮೆಂಟುಗಳಲ್ಲಿ ಗಣತಿ ಸೋಲುವುದು ಗೇಟಿನಲ್ಲಿ. ಕಾಯ್ದೆಯ 9ನೇ ಪ್ರಕರಣದಂತೆ ಮನೆ, ಆವರಣಗಳಿಗೆ ಗಣತಿ ಅಧಿಕಾರಿಗಳಿಗೆ ಪ್ರವೇಶ ಕೊಡಬೇಕು. ಆದರೆ ಇದು ಕಾವಲುಗಾರರಿಗೆ ಗೊತ್ತಿರುವುದಿಲ್ಲ, ಹೇಳಿಕೊಟ್ಟವರೂ ಇರುವುದಿಲ್ಲ. ಗಣತಿದಾರರ ಗುರುತಿನ ಚೀಟಿಯನ್ನು ನೋಡಿ ಒಳಗೆ ಬಿಡಬೇಕೆಂದೂ, ಸಂದೇಹವಿದ್ದರೆ ಸಂಘದ ಇಂಥವರಿಗೆ ಕರೆ ಮಾಡಬೇಕೆಂದೂ ಎಲ್ಲ ಪಾಳಿಯ ಕಾವಲುಗಾರರಿಗೂ ಬರಹದಲ್ಲಿ ತಿಳಿಸಿಡಿ. ಭೇಟಿಯ ಹೊತ್ತನ್ನು ಕುರಿತು ಗಣತಿದಾರರ ಜೊತೆ ಮೊದಲೇ ಮಾತನಾಡಿಕೊಳ್ಳಿ. ದುಡಿಯುವ ಜನ ಸಿಗುವುದು ಸಂಜೆ ಏಳರ ಮೇಲೆ ಅಥವಾ ಭಾನುವಾರ, ಶಿಕ್ಷಕರಿಗೋ ಆ ಹೊತ್ತಿಗೆ ತಮ್ಮ ಮನೆ ಸೇರುವ ಅವಸರ. ಒಂದೇ ಮಹಡಿಯ ಮನೆಗಳನ್ನು ಒಂದೇ ಸಂಜೆಗೆ ಹೊಂದಿಸಿಕೊಟ್ಟರೆ ಇಬ್ಬರಿಗೂ ಅನುಕೂಲ.

ಇಲ್ಲಿ ಒಂದು ಎಚ್ಚರಿಕೆ. ಅನುಕೂಲಕ್ಕೆಂದು ಕ್ಲಬ್‌ಹೌಸಿನಲ್ಲಿ ಮೇಜು ಹಾಕಿ ಎಲ್ಲರನ್ನೂ ಸಾಲಾಗಿ ಕರೆದು ಉತ್ತರ ಹೇಳಿಸುವ ಯೋಚನೆ ಬಹಳ ಜನಕ್ಕೆ ಹೊಳೆಯುತ್ತದೆ. ಅದನ್ನು ನಾನು ಒಪ್ಪುವುದಿಲ್ಲ. ಈ ಬಾರಿಯ ಗಣತಿಯಲ್ಲಿ ಎಲ್ಲರ ಜಾತಿಯನ್ನೂ ಕೇಳಲಾಗುತ್ತದೆ. ಎಲ್ಲ ಜಾತಿಗಳ ಅಂಕಿಅಂಶ ಪ್ರಕಟವಾದ ಕೊನೆಯ ಜನಗಣತಿ 1931ರದು. ಧರ್ಮ, ಜಾತಿ, ಅಂಗವೈಕಲ್ಯ, ವೈವಾಹಿಕ ಸ್ಥಿತಿಯಂಥ ವಿಷಯಗಳನ್ನು ಎದುರುಮನೆಯವರ ಕಿವಿಗೆ ಬೀಳುವಂತೆ ಹೇಳಬೇಕಾದರೆ ಜನ ಒಂದೋ ಬರುವುದಿಲ್ಲ, ಬಂದರೆ ನಿಜ ಹೇಳುವುದಿಲ್ಲ. ಹಾಗೆಯೇ ಸಂಘದ ದಾಖಲೆಪುಸ್ತಕದಿಂದ ನಿವಾಸಿಗಳ ವಿವರವನ್ನು ಎತ್ತಿಕೊಡುವುದೂ ಸಲ್ಲದು. ಮನೆ ಎಲ್ಲಿದೆ ಎಂದು ತೋರಿಸುವುದಷ್ಟೇ ನಿಮ್ಮ ಕೆಲಸ, ಮನೆಯವರ ಪರವಾಗಿ ಉತ್ತರಿಸುವುದಲ್ಲ.

ಗೋಪ್ಯತೆಯ ಬಗ್ಗೆ ಅಳುಕಿರುವವರಿಗೆ ಹೇಳಬೇಕಾದ ಮಾತು ಕಾಯ್ದೆಯ 15ನೇ ಪ್ರಕರಣದಲ್ಲಿದೆ. ಗಣತಿಯ ದಾಖಲೆಗಳನ್ನು ಪರಿಶೀಲಿಸುವ ಹಕ್ಕು ಯಾರಿಗೂ ಇಲ್ಲ, ಅವುಗಳಲ್ಲಿನ ನಮೂದುಗಳನ್ನು ಸಿವಿಲ್ ವ್ಯಾಜ್ಯದಲ್ಲಾಗಲಿ, ಈ ಕಾಯ್ದೆಯಡಿಯ ಮೊಕದ್ದಮೆಯನ್ನು ಬಿಟ್ಟು ಬೇರೆ ಕ್ರಿಮಿನಲ್ ಪ್ರಕರಣದಲ್ಲಾಗಲಿ ಸಾಕ್ಷ್ಯವಾಗಿ ಬಳಸುವಂತಿಲ್ಲ. ಅಂದರೆ ಮಾಲೀಕ ಬಾಡಿಗೆದಾರನ ವಿರುದ್ಧ ಹೂಡಿದ ದಾವೆಯಲ್ಲಿ ಗಣತಿಯ ಉತ್ತರ ಯಾರ ಪರವಾಗಿಯೂ ನಿಲ್ಲದು. ಅನುಮತಿಯಿಲ್ಲದೆ ಮಾಹಿತಿ ಹೊರಗೆಡಹುವ ಗಣತಿ ಅಧಿಕಾರಿಗೆ ಮೂರು ವರ್ಷದವರೆಗೆ ಸೆರೆಮನೆಯೂ ಆಗಬಹುದು. ಇಷ್ಟಲ್ಲದೆ, ಮನೆಯ ಹೆಣ್ಣುಮಕ್ಕಳ ಹೆಸರನ್ನು ಹೇಳಲೇಬೇಕೆಂದಿಲ್ಲ, ಸಂಪ್ರದಾಯವಿದ್ದರೆ ಹೆಂಡತಿ ಗಂಡನ ಹೆಸರು ಹೇಳಬೇಕಿಲ್ಲ ಎಂಬ ವಿನಾಯಿತಿಯೂ 1948ರ ಈ ಕಾಯ್ದೆಯಲ್ಲಿ ಇಂದಿಗೂ ಉಳಿದುಕೊಂಡಿದೆ! ಬ್ಯಾಂಕ್ ಖಾತೆಯ ಸಂಖ್ಯೆ, ಎಟಿಎಂ ಪಿನ್, ಹಣ ಇವನ್ನು ಗಣತಿಯಲ್ಲಿ ಕೇಳುವುದಿಲ್ಲ, ಯಾವ ದಾಖಲೆಪತ್ರವನ್ನೂ ತೋರಿಸಬೇಕಾಗಿಲ್ಲ. ಕೇಳಿದವರು ಗಣತಿದಾರರಲ್ಲ ಎಂದು ತಿಳಿದು ಪೊಲೀಸರಿಗೆ ತಿಳಿಸಬೇಕು. ಈ ಕೊನೆಯ ವಾಕ್ಯವನ್ನು ಹಿರಿಯರಿರುವ ಮನೆಗಳಲ್ಲಿ ಎರಡೆರಡು ಸಲ ಹೇಳಿದರೂ ತಪ್ಪಿಲ್ಲ.

"ಇದರಿಂದ ನಮಗೇನು ಸಿಗುತ್ತದೆ?" ಎಂಬ ಪ್ರಶ್ನೆಗೆ ಅಭಿವೃದ್ಧಿ, ಯೋಜನೆ ಎಂಬ ಸವಕಲು ಪದಗಳಲ್ಲಿ ಉತ್ತರಿಸಿದರೆ ಕೇಳುವವರು ಫೋನ್ ನೋಡತೊಡಗುತ್ತಾರೆ. ಕೇಳುವವರಿಗೆ ತಕ್ಕ ಉದಾಹರಣೆಯನ್ನು ಕೊಡಬೇಕು. 2013ರ ಆಹಾರ ಭದ್ರತಾ ಕಾಯ್ದೆಯಡಿ ಗ್ರಾಮೀಣ ಜನಸಂಖ್ಯೆಯ ಗರಿಷ್ಠ ಶೇ 75, ನಗರ ಜನಸಂಖ್ಯೆಯ ಗರಿಷ್ಠ ಶೇ 50 ಮಂದಿಗೆ ಪಡಿತರದ ಹಕ್ಕಿದೆ, ಮತ್ತು ಆ ಮಿತಿಯನ್ನು ಲೆಕ್ಕಹಾಕಿರುವುದು 2011ರ ಗಣತಿಯ ಮೇಲೆ. ಆಮೇಲೆ ನಗರಕ್ಕೆ ಬಂದವರು, ಹುಟ್ಟಿದವರು ಆ ಲೆಕ್ಕದಲ್ಲಿಲ್ಲ. ರಾಜಕೀಯದಲ್ಲಿ ಆಸಕ್ತಿಯಿರುವವರಿಗೆ, ರಾಜ್ಯಗಳ ನಡುವೆ ಲೋಕಸಭಾ ಸ್ಥಾನಗಳ ಮರುಹಂಚಿಕೆಗೆ ಸಂವಿಧಾನದ 2001ರ 84ನೇ ತಿದ್ದುಪಡಿಯು ಹಾಕಿದ ತಡೆ 2026ರ ನಂತರದ ಮೊದಲ ಗಣತಿಯೊಂದಿಗೆ ತಳುಕುಹಾಕಿಕೊಂಡಿದೆ ಎಂಬುದನ್ನು ನೆನಪಿಸಬಹುದು. 2011ರಲ್ಲಿ ಸುಮಾರು 84 ಲಕ್ಷ ಜನರಿದ್ದ ಬೆಂಗಳೂರಿನ ಪಾಲಿಕೆ ವ್ಯಾಪ್ತಿಯ ವಾರ್ಡುಗಳನ್ನು ಇಂದಿಗೂ ಆ ಹಳೆಯ ಸಂಖ್ಯೆಯಿಂದಲೇ ಅಳೆಯಬೇಕಾಗಿರುವುದು ಟ್ಯಾಂಕರ್ ನೀರಿಗೆ ಕಾಯುವವರಿಗೆ ಬೇಗ ಅರ್ಥವಾಗುತ್ತದೆ.

ಉತ್ತರಗಳ ಗುಣಮಟ್ಟ

ಎಣಿಕೆಗೆ ಸಿಕ್ಕರೆ ಸಾಲದು, ಸರಿಯಾಗಿ ಬರೆಸಿಕೊಳ್ಳುವುದೂ ಮುಖ್ಯ. ಮನೆಯ ಯಜಮಾನರೊಬ್ಬರೇ ಎಲ್ಲರ ಪರವಾಗಿ ಉತ್ತರಿಸಿದಾಗ ಮೊದಲು ಮಾಯವಾಗುವುದು ಹೆಂಗಸರ ದುಡಿಮೆ. ಮನೆಯಲ್ಲೇ ಬಟ್ಟೆ ಹೊಲಿಯುವವರು, ಅಗರಬತ್ತಿ ಹೊಸೆಯುವವರು, ಮಕ್ಕಳಿಗೆ ಪಾಠ ಹೇಳುವವರು, ಮನೆಯ ಅಂಗಡಿಯಲ್ಲಿ ಸಂಬಳವಿಲ್ಲದೆ ಕೂರುವವರು ಎಲ್ಲರೂ ಗಣತಿಯ ವ್ಯಾಖ್ಯೆಯಂತೆ ಕೆಲಸ ಮಾಡುವವರೇ; ಆದರೆ "ಆಕೆ ಏನೂ ಮಾಡುವುದಿಲ್ಲ, ಮನೆಯಲ್ಲಿರುತ್ತಾಳೆ" ಎಂಬ ಒಂದು ಮಾತಿಗೆ ಅದೆಲ್ಲ ಅಳಿಸಿಹೋಗುತ್ತದೆ. ವರ್ಷದಲ್ಲಿ ಆರು ತಿಂಗಳಿಗಿಂತ ಕಡಿಮೆ ದುಡಿದವರನ್ನು ದಾಖಲಿಸಿಕೊಳ್ಳಲೂ 2011ರಲ್ಲಿ ಪ್ರತ್ಯೇಕ ವರ್ಗವಿತ್ತು. ಮಹಿಳಾ ಸಂಘಗಳ ಸಭೆಯಲ್ಲಿ ಈ ಒಂದು ವಿಷಯವನ್ನೇ ಹದಿನೈದು ನಿಮಿಷ ಮಾತನಾಡಿದರೂ ಸಾರ್ಥಕ. ಅಂಗವೈಕಲ್ಯವನ್ನು ಮುಚ್ಚಿಡುವ ಮನೆಗಳಿಗೆ, 2011ರಲ್ಲಿ ದೇಶದಾದ್ಯಂತ 2.68 ಕೋಟಿ ಜನ ಅದನ್ನು ಹೇಳಿ ಬರೆಸಿದ್ದಾರೆಂದು ತಿಳಿಸಿದರೆ ಸಂಕೋಚ ಸ್ವಲ್ಪ ಕಡಿಮೆಯಾದೀತು.

ಮಾತೃಭಾಷೆಯ ಪ್ರಶ್ನೆಯೂ ಹೀಗೆಯೇ. 2011ರಲ್ಲಿ ಅದನ್ನು ಪ್ರತಿಯೊಬ್ಬರಿಗೂ ಪ್ರತ್ಯೇಕವಾಗಿ ಕೇಳಿ, ಗೊತ್ತಿರುವ ಇತರ ಎರಡು ಭಾಷೆಗಳನ್ನೂ ಬರೆದುಕೊಳ್ಳಲಾಗಿತ್ತು. ಆಗ ಕನ್ನಡವನ್ನು ಮಾತೃಭಾಷೆಯೆಂದು ಹೇಳಿದವರು ಸುಮಾರು 4.37 ಕೋಟಿ. ತುಳು, ಕೊಡವ, ಬ್ಯಾರಿ, ಕೊಂಕಣಿ ಮನೆಮಾತಿನವರು ಅದನ್ನೇ ಹೇಳಬೇಕು, ಕನ್ನಡವನ್ನು ಗೊತ್ತಿರುವ ಭಾಷೆಯಾಗಿ ಸೇರಿಸಬೇಕು. ಗಂಡ ಹೆಂಡಿರ ಮಾತೃಭಾಷೆ ಬೇರೆಯಾಗಿದ್ದರೆ ಬೇರೆಯಾಗಿಯೇ ಬರೆಸಬೇಕು.

ಗಣತಿದಾರರ ಭೇಟಿಗೆ ಮೊದಲೇ ಆನ್‌ಲೈನಿನಲ್ಲಿ ತಾವೇ ವಿವರ ತುಂಬುವ ಸ್ವಯಂ ಗಣತಿಯ ಸೌಲಭ್ಯ ಈ ಬಾರಿ ಇದೆ. ಹಗಲೆಲ್ಲ ಮನೆಯಲ್ಲಿರದವರಿಗೆ ಇದು ಒಳ್ಳೆಯ ಏರ್ಪಾಡು. ತುಂಬಿದ ಮೇಲೆ ಸಿಗುವ ಗುರುತಿನ ಸಂಖ್ಯೆಯನ್ನು ಗಣತಿದಾರರಿಗೆ ಕೊಟ್ಟಾಗಲೇ ಕೆಲಸ ಪೂರ್ತಿಯಾಗುತ್ತದೆ ಎಂಬುದನ್ನು ಮಾತ್ರ ಒತ್ತಿ ಹೇಳಬೇಕು. ಆ ಸಂಖ್ಯೆಯನ್ನು ಮನೆಯಲ್ಲಿ ಇರುವವರ ಕೈಯಲ್ಲಿ ಬರೆದಿಟ್ಟು ಹೋಗುವಂತೆ ಸೂಚಿಸಿ. ಮೊಬೈಲ್ ಬಳಕೆ ಕಷ್ಟವೆನ್ನುವ ಹಿರಿಯರಿಗೆ ಸಹಾಯ ಮಾಡುವ ಹುಡುಗರು ಉತ್ತರಗಳನ್ನು ತಾವೇ ಊಹಿಸಿ ತುಂಬದೆ, ಪ್ರತಿಯೊಂದನ್ನೂ ಕೇಳಿಯೇ ಬರೆಯಬೇಕು.

ಕೊನೆಯ ದಿನಗಳ ಕೆಲಸವನ್ನು ಬಹಳ ಮಂದಿ ಮರೆಯುತ್ತಾರೆ. 2011ರಲ್ಲಿ ಫೆಬ್ರುವರಿ 9ರಿಂದ 28ರವರೆಗೆ ಎಣಿಕೆ ನಡೆದು, 28ರ ರಾತ್ರಿ ಬಯಲಲ್ಲಿ ಮಲಗುವ ಮನೆಯಿಲ್ಲದವರನ್ನು ಎಣಿಸಿ, ಮಾರ್ಚ್ 1ರಿಂದ 5ರವರೆಗೆ ಮರುಭೇಟಿಯ ಸುತ್ತು ನಡೆದಿತ್ತು. ಫ್ಲೈಓವರ್, ಬಸ್ ನಿಲ್ದಾಣ, ದೇವಸ್ಥಾನದ ಜಗುಲಿಗಳಲ್ಲಿ ರಾತ್ರಿ ಕಳೆಯುವವರು ಎಲ್ಲಿರುತ್ತಾರೆಂದು ಬಲ್ಲವರು ಆ ರಾತ್ರಿಗೆ ಮುಂಚೆಯೇ ವಾರ್ಡಿನ ಗಣತಿ ಮೇಲ್ವಿಚಾರಕರಿಗೆ ಜಾಗಗಳನ್ನು ತಿಳಿಸಬೇಕು. ಎಣಿಕೆಯಾದ ಮೇಲೆ, 2027ರ ಮಾರ್ಚ್ 1ರ ಶೂನ್ಯ ಗಂಟೆಗೆ ಮೊದಲು ಮನೆಯಲ್ಲಿ ಮಗು ಹುಟ್ಟಿದ್ದರೆ ಸೇರಿಸಬೇಕು, ಯಾರಾದರೂ ತೀರಿಕೊಂಡಿದ್ದರೆ ತೆಗೆಸಬೇಕು. ಆ ಗಳಿಗೆಯ ನಂತರದ ಹುಟ್ಟು ಸಾವುಗಳು ಈ ಲೆಕ್ಕಕ್ಕೆ ಬರುವುದಿಲ್ಲ. ಮೊದಲ ದಿನ ನೀವು ಗುರುತು ಮಾಡಿಕೊಂಡ ಬಾಗಿಲುಗಳಲ್ಲಿ ಯಾವುದಕ್ಕಾದರೂ ಇನ್ನೂ ಯಾರೂ ಬಂದಿಲ್ಲವೆಂದಾದರೆ, ಮರುಭೇಟಿಯ ಸುತ್ತು ಮುಗಿಯುವುದರೊಳಗೆ ಗಣತಿದಾರರಿಗೆ ತಿಳಿಸಿ, ಅವರು ಸಿಗದಿದ್ದರೆ ಮೇಲ್ವಿಚಾರಕರಿಗೆ ಮನೆಯ ವಿಳಾಸವನ್ನು ಬರೆದುಕೊಡಿ.