‘ಆಲಿವ್ ಸ್ತನ ಕ್ಯಾನ್ಸರ್ ಕೋಶ ಕೊಲ್ಲುತ್ತದೆ’ ಎಂಬ ಸುದ್ದಿ ಬಂದರೆ ಹೇಗೆ ಓದಬೇಕು?

ಹೋದ ತಿಂಗಳು ದೊಡ್ಡಮ್ಮ ಒಂದು ಫಾರ್ವರ್ಡ್ ಕಳಿಸಿದರು. ಆಲಿವ್ ಎಲೆಯ ಸಾರ ಸ್ತನ ಕ್ಯಾನ್ಸರ್ ಕೋಶಗಳನ್ನು ಸಾಯಿಸುತ್ತದಂತೆ. ಅವರಿಗೆ ಆಪರೇಷನ್ ಆಗಿ ಎರಡು ವರ್ಷ. ಹಾರ್ಮೋನ್ ತಡೆಯುವ ಮಾತ್ರೆ ದಿನಾ ನುಂಗುತ್ತಾರೆ. “ಪುಟ್ಟಿ, ನೀನು ಇದೇ ಕೆಲಸ ಮಾಡೋದಲ್ವಾ? ಈ ಕ್ಯಾಪ್ಸೂಲ್ ತರಿಸ್ಲಾ?” ಅಂತ ಕೇಳಿದರು. ಸುಮ್ನೆ ಬೇಡ ಅನ್ನಲು ನನಗೆ ಮನಸ್ಸಾಗಲಿಲ್ಲ. ಲ್ಯಾಬಿನಲ್ಲಿ ಕೋಶ ಬೆಳೆಸುವುದು ನನ್ನ ಒಂಬತ್ತು ವರ್ಷದ ಕೆಲಸ. ಆ ಸುದ್ದಿ ಪೂರ್ತಿ ಸುಳ್ಳಲ್ಲ ಅಂತ ಗೊತ್ತು. ಭಾನುವಾರ ಅವರ ಮನೆಗೆ ಹೋಗಿ, ಪೆನ್ನು ಹಾಳೆ ಹಿಡಿದು ಕೂತು ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು, ಯಾವ ವಸ್ತು ಅಂತ ಹುಡುಕಿ. ಎಲೆ ಮತ್ತು ಎಳೆ ಕಾಯಿಯ ಕಹಿಗೆ ಕಾರಣ ಓಲಿಯುರೊಪೀನ್. ಅದು ಒಡೆದರೆ ಹೈಡ್ರಾಕ್ಸಿಟೈರೊಸಾಲ್ ಸಿಗುತ್ತದೆ. ಒಳ್ಳೆಯ ಎಕ್ಸ್‌ಟ್ರಾ ವರ್ಜಿನ್ ಎಣ್ಣೆಯನ್ನು ಒಂದು ಚಮಚ ಹಾಗೇ ಕುಡಿದು ನೋಡಿ. ಗಂಟಲಿನ ಹಿಂದೆ ಚುರುಕ್ ಅನ್ನುತ್ತದೆ, ಕೆಲವರಿಗೆ ಕೆಮ್ಮೇ ಬರುತ್ತದೆ. ಅದು ಓಲಿಯೊಕ್ಯಾಂಥಾಲ್. ಉರಿಯೂತದ ಮೇಲೆ ಇದು ಐಬುಪ್ರೊಫೆನ್ ಮಾತ್ರೆಯ ಹಾಗೆ ಕೆಲಸ ಮಾಡುತ್ತದೆ ಅಂತ 2005ರಲ್ಲಿ ವಿಜ್ಞಾನಿ ಗ್ಯಾರಿ ಬೋಶಾಂಪ್ ಅವರ ತಂಡ ತೋರಿಸಿತು. ಮೂರೂ ಬೇರೆ ಬೇರೆ ವಸ್ತು. ಒಂದರ ಫಲಿತಾಂಶವನ್ನು ಇನ್ನೊಂದಕ್ಕೆ ಅಂಟಿಸಬಾರದು.

ಆಮೇಲೆ, ಯಾವ ಕೋಶ? ಹೆಚ್ಚಾಗಿ ಎಂಸಿಎಫ್-7 ಅಂತ ಬರೆದಿರುತ್ತದೆ. 1970ರಲ್ಲಿ ಸ್ತನ ಕ್ಯಾನ್ಸರ್ ಇದ್ದ ಅಮೆರಿಕದ ಒಬ್ಬ ಕ್ರೈಸ್ತ ಸನ್ಯಾಸಿನಿಯ ಶ್ವಾಸಕೋಶದ ಸುತ್ತ ತುಂಬಿದ ನೀರಿನಿಂದ ತೆಗೆದ ಕೋಶಗಳ ಸಂತಾನ ಅದು. ಆ ತಾಯಿ ಅದೇ ವರ್ಷ ತೀರಿಕೊಂಡರು. ಅವರ ಕೋಶಗಳು ಇವತ್ತಿಗೂ ಪ್ರಪಂಚದ ಎಷ್ಟೋ ಲ್ಯಾಬುಗಳಲ್ಲಿ ಬೆಳೆಯುತ್ತಿವೆ. ಬೆಳಿಗ್ಗೆ ಮೈಕ್ರೊಸ್ಕೋಪಿನ ಕೆಳಗೆ ಫ್ಲಾಸ್ಕ್ ಇಟ್ಟಾಗ ನನಗೆ ಆಗಾಗ ಅವರ ನೆನಪಾಗುತ್ತದೆ. ಎಂಸಿಎಫ್-7ಕ್ಕೆ ಈಸ್ಟ್ರೊಜನ್ ಹಾರ್ಮೋನಿಗೆ ಓಗೊಡುವ ಗುಣ ಇದೆ, ದೊಡ್ಡಮ್ಮನ ಗಡ್ಡೆಗೆ ಇದ್ದ ಹಾಗೆ. ಎಂಡಿಎ-ಎಂಬಿ-231 ಅಂತ ಇದ್ದರೆ ಅದು ಟ್ರಿಪಲ್ ನೆಗೆಟಿವ್, ಅಂದರೆ ಈಸ್ಟ್ರೊಜನ್‌ಗೆ ಓಗೊಡದ ಬೇರೆಯೇ ಬಗೆ. ಎಂಸಿಎಫ್-10ಎ ಹೆಸರೂ ಇದೆಯಾ ನೋಡಿ. ಅದು ಕ್ಯಾನ್ಸರ್ ಅಲ್ಲದ ಸ್ತನ ಕೋಶ. ಅದನ್ನೂ ಪರೀಕ್ಷಿಸದೆ ‘ಕ್ಯಾನ್ಸರನ್ನು ಮಾತ್ರ ಕೊಲ್ಲುತ್ತದೆ’ ಅಂದರೆ ನಂಬಬೇಡಿ.

ಇನ್ನು ‘ಕೊಂದಿತು’ ಅಂತ ಹೇಗೆ ಗೊತ್ತಾಯಿತು? ಅಂಗೈ ಅಗಲದ ಪ್ಲಾಸ್ಟಿಕ್ ಪ್ಲೇಟಿನಲ್ಲಿ 96 ಪುಟ್ಟ ಗುಂಡಿಗಳಿರುತ್ತವೆ. ಒಂದೊಂದಕ್ಕೂ ಸುಮಾರು 5,000 ಕೋಶ ಹಾಕಿ ರಾತ್ರಿಯಿಡೀ 37 ಡಿಗ್ರಿಯಲ್ಲಿ ಇಡುತ್ತೇನೆ. ಮಾರನೇ ದಿನ ಪರೀಕ್ಷಿಸಬೇಕಾದ ವಸ್ತು ಹಾಕುತ್ತೇನೆ. ಎರಡು ದಿನ ಬಿಟ್ಟು ಎಂಟಿಟಿ ಅನ್ನುವ ಹಳದಿ ಬಣ್ಣ. ಬದುಕಿರುವ ಕೋಶ ಅದನ್ನು ನೇರಳೆ ಮಾಡುತ್ತದೆ. ನೇರಳೆ ಕಡಿಮೆ ಇದ್ದರೆ ಬದುಕಿರುವ ಕೋಶ ಕಡಿಮೆ ಅಂತ ಲೆಕ್ಕ.

ಇಲ್ಲೇ ಒಂದು ಮೋಸ ಇದೆ. ಹೈಡ್ರಾಕ್ಸಿಟೈರೊಸಾಲ್ ಕೋಶ ಬೆಳೆಸುವ ದ್ರವದಲ್ಲಿ ಗಾಳಿ ತಾಗಿ ತಾನೇ ಕೆಡುತ್ತದೆ, ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿಸುತ್ತದೆ. ಗಾಯ ತೊಳೆಯುವ ಅದೇ ಪೆರಾಕ್ಸೈಡ್. ನಮ್ಮಲ್ಲಿ ಒಮ್ಮೆ ಹೊಸದಾಗಿ ಸೇರಿದ ಹುಡುಗಿಯ ಪ್ಲೇಟಿನಲ್ಲಿ ಕೋಶಗಳೆಲ್ಲ ಸತ್ತು ತೇಲುತ್ತಿದ್ದವು. ಅವಳಿಗೆ ಖುಷಿಯೋ ಖುಷಿ. ಪೆರಾಕ್ಸೈಡನ್ನು ಒಡೆಯುವ ಕ್ಯಾಟಲೇಸ್ ಎಂಬ ಕಿಣ್ವ ಹಾಕಿ ಮತ್ತೆ ಮಾಡಿಸಿದೆ. ಈ ಸಲ ಬಹುಪಾಲು ಕೋಶ ಬದುಕಿ ಪ್ಲೇಟಿಗೆ ಅಂಟಿಕೊಂಡೇ ಇದ್ದವು. ಅಂದರೆ ಮೊದಲು ಕೊಂದದ್ದು ಪೆರಾಕ್ಸೈಡ್. ಅವಳ ಮುಖ ಬಾಡಿತು, ಆದರೆ ಅಂದು ಕಲಿತದ್ದನ್ನು ಅವಳು ಮರೆತಿಲ್ಲ. ವರದಿಯಲ್ಲಿ ಕ್ಯಾಟಲೇಸ್ ಎಂಬ ಪದ ಹುಡುಕಿ. ಕೋಶ ಹಾಕದೆ ಬರೀ ವಸ್ತು ಹಾಕಿದ ಗುಂಡಿಯೂ ಇರಬೇಕು, ಯಾಕೆಂದರೆ ಇಂಥ ವಸ್ತುಗಳು ಕೋಶವೇ ಇಲ್ಲದೆ ಎಂಟಿಟಿಯನ್ನು ನೇರಳೆ ಮಾಡಬಲ್ಲವು.

ಎಲ್ಲಕ್ಕಿಂತ ಮುಖ್ಯ, ಎಷ್ಟು ಹಾಕಿದರು ಅನ್ನುವುದು. 2009ರ ಒಂದು ಅಧ್ಯಯನದಲ್ಲಿ ಬದುಕಿರುವ ಎಂಸಿಎಫ್-7 ಕೋಶಗಳು ಗಣನೀಯವಾಗಿ ಕಡಿಮೆಯಾದದ್ದು ಒಂದು ಮಿಲಿಲೀಟರಿಗೆ 50 ಮೈಕ್ರೊಗ್ರಾಂ ಹೈಡ್ರಾಕ್ಸಿಟೈರೊಸಾಲ್ ಅಥವಾ 200 ಮೈಕ್ರೊಗ್ರಾಂ ಓಲಿಯುರೊಪೀನ್ ಹಾಕಿದಾಗ. ದೊಡ್ಡಮ್ಮನ ಎದುರೇ ಗುಣಿಸಿದೆ. ಮೈಯಲ್ಲಿ ಸುಮಾರು ಐದು ಲೀಟರ್ ರಕ್ತ. ಅಷ್ಟಕ್ಕೆ 250 ಮಿಲಿಗ್ರಾಂ ಹೈಡ್ರಾಕ್ಸಿಟೈರೊಸಾಲ್ ಬೇಕು. 20 ಗ್ರಾಂ ಎಣ್ಣೆಯಲ್ಲಿ ಈ ವಸ್ತು ಮತ್ತು ಇದರ ಬಳಗದ್ದು ಸೇರಿ 5 ಮಿಲಿಗ್ರಾಂ ಇದ್ದರೆ ಮಾತ್ರ ಬಾಟಲಿಯ ಮೇಲೆ ಆರೋಗ್ಯದ ಮಾತು ಬರೆಯಬಹುದು ಅನ್ನುವುದು ಯುರೋಪಿನ ನಿಯಮ. ಆ ಲೆಕ್ಕದಲ್ಲಿ ಒಂದು ಕೆಜಿ ಎಣ್ಣೆ! ಅದೂ ಎಲ್ಲವೂ ರಕ್ತದಲ್ಲೇ ನಿಂತರೆ. ನಿಲ್ಲುವುದಿಲ್ಲ, ಕರುಳು ಮತ್ತು ಪಿತ್ತಜನಕಾಂಗ ಅದನ್ನು ಬೇಗ ಬೇರೆ ರೂಪಕ್ಕೆ ತಿರುಗಿಸುತ್ತವೆ. “ಒಂದು ಕೆಜಿನಾ?” ಅಂತ ದೊಡ್ಡಮ್ಮ ಹಾಳೆಯನ್ನು ತಮ್ಮ ಕಡೆ ಎಳೆದುಕೊಂಡು ಮತ್ತೆ ಗುಣಿಸಿದರು.

ಮನುಷ್ಯರ ಮೇಲೆ ಏನಾಗಿದೆ ಅಂತಲೂ ನೋಡಿ. ಸ್ಪೇನಿನ ಪ್ರೆಡಿಮೆಡ್ ಅಧ್ಯಯನದಲ್ಲಿ 60ರಿಂದ 80 ವಯಸ್ಸಿನ 4,282 ಮಹಿಳೆಯರಿದ್ದರು. ಎಕ್ಸ್‌ಟ್ರಾ ವರ್ಜಿನ್ ಎಣ್ಣೆಯ ಮೆಡಿಟರೇನಿಯನ್ ಊಟ (ತರಕಾರಿ, ಹಣ್ಣು, ಕಾಳು, ಮೀನು ಹೆಚ್ಚಿರುವ ಊಟ) ಮಾಡಿದವರಲ್ಲಿ, ಹೋಲಿಕೆಗೆ ಇಟ್ಟ ಗುಂಪಿಗಿಂತ ಸ್ತನ ಕ್ಯಾನ್ಸರ್ ಸುಮಾರು ಮೂರನೇ ಎರಡರಷ್ಟು ಕಡಿಮೆ ಬಂತು ಅಂತ 2015ರಲ್ಲಿ ಪ್ರಕಟವಾಯಿತು. ಆಸೆ ಹುಟ್ಟಿಸುವ ಮಾತೇ. ಆದರೆ ಎಲ್ಲ ಗುಂಪು ಸೇರಿ ಕ್ಯಾನ್ಸರ್ ಬಂದದ್ದು 35 ಜನಕ್ಕೆ. ಅಷ್ಟು ಸಣ್ಣ ಸಂಖ್ಯೆಯ ಮೇಲೆ ನಾನು ಜಾಸ್ತಿ ಭಾರ ಹಾಕುವುದಿಲ್ಲ. ಅದು ಊಟದ ಪ್ರಯೋಗ, ಕ್ಯಾಪ್ಸೂಲಿನದಲ್ಲ. ಕ್ಯಾನ್ಸರ್ ಇದ್ದವರಿಗೆ ಕೊಟ್ಟ ಚಿಕಿತ್ಸೆಯೂ ಅಲ್ಲ.

ಎಣ್ಣೆ ಕೈಗೆಟುಕಿದರೆ ಕೋಸಂಬರಿಗೆ ಹಾಕಿಕೊಳ್ಳಿ, ರುಚಿಯಾಗಿರುತ್ತದೆ. ಕ್ಯಾಪ್ಸೂಲ್ ವಿಷಯ ಬೇರೆ. ಆಲಿವ್ ಎಲೆಯ ಸಾರ ಬಿಪಿ, ಶುಗರ್ ಇಳಿಸಬಹುದು, ದೊಡ್ಡಮ್ಮ ಮೊದಲೇ ಬಿಪಿ ಮಾತ್ರೆಯಲ್ಲಿದ್ದಾರೆ. ನಡೆಯುತ್ತಿರುವ ಚಿಕಿತ್ಸೆಯ ಮಾತ್ರೆಯನ್ನು ಯಾವ ಕಾರಣಕ್ಕೂ ನಿಲ್ಲಿಸಬೇಡಿ. ತಗೊಳ್ಳಬೇಕು ಅನ್ನಿಸಿದರೆ ಮೊದಲು ಲೇಬಲ್ಲನ್ನು ನಿಮ್ಮ ಕ್ಯಾನ್ಸರ್ ಡಾಕ್ಟರಿಗೆ ತೋರಿಸಿ.

ದೊಡ್ಡಮ್ಮ ಆ ಕ್ಯಾಪ್ಸೂಲ್ ಬಾಟಲಿಯ ಫೋಟೋ ಪ್ರಿಂಟ್ ತೆಗೆಸಿ ಚೆಕಪ್ ಫೈಲಿನಲ್ಲಿ ಇಟ್ಟುಕೊಂಡಿದ್ದಾರೆ. ನಮ್ಮ ಗುಣಾಕಾರದ ಹಾಳೆಯನ್ನೂ ಅದಕ್ಕೇ ಪಿನ್ ಮಾಡಿದ್ದಾರೆ.